ಸೀಳುನಾಯಿಗೆ ತೋಳ ಅಂದವರ್ಯಾರು?

ಆಫೀಸ್ ಕ್ವಿಜ್‌ನಲ್ಲಿ ‘ಢೋಲ್’ ಅನ್ನೋ ಇಂಗ್ಲಿಷ್ ಪದಕ್ಕೆ ಅರ್ಥ ಕೇಳಿದ್ರು. ಬಾರಿಸೋ ಡೋಲು ಅಂದುಬಿಟ್ಟೆ. ಎಲ್ಲರೂ ನಕ್ಕರು. ಅದು ನಮ್ಮ ಸೀಳುನಾಯಿ, ಕೆನ್ನಾಯಿ ಅಂತೀವಲ್ಲ, ಅದು. ಆದರೆ ಮನೆಗೆ ಬಂದು ಹುಡುಕಿದಾಗ ಅವಮಾನವೆಲ್ಲ ಮರೆತೇಹೋಯ್ತು. ಈ ಪದ ಕನ್ನಡದ ‘ತೋಳ’ದಿಂದ ಬಂದಿರಬಹುದು ಅಂತ ಮೆರಿಯಮ್-ವೆಬ್‌ಸ್ಟರ್ ನಿಘಂಟೇ ಹೇಳುತ್ತೆ!

‘ಬಹುದು’ ಅನ್ನೋದನ್ನು ಮಾತ್ರ ಬಿಡಬಾರದು. ಸುಮಾರು 1808ರಲ್ಲೇ ಥಾಮಸ್ ವಿಲಿಯಮ್ಸನ್ ಎಂಬ ಸೈನಿಕ ಈ ಪದ ಬಳಸಿದ್ದ. ಅವನು ಪ್ರಾಣಿಯನ್ನು ಕಂಡಿದ್ದು ಈಗಿನ ಜಾರ್ಖಂಡ್ ಕಡೆಯ ರಾಮಗಢದಲ್ಲಿ. ಅಲ್ಲಿ ಕನ್ನಡ ಎಲ್ಲಿಂದ ಬಂತು? ಆಮೇಲೆ ಚಾರ್ಲ್ಸ್ ಹ್ಯಾಮಿಲ್ಟನ್ ಸ್ಮಿತ್ ಅನ್ನೋನು, ಹುಚ್ಚು ಎಂಬರ್ಥದ ಟರ್ಕಿ ಪದ ‘ದೆಲಿ’ಗೆ ಇದನ್ನು ಗಂಟುಹಾಕಿದ. ಆ ಪ್ರಾಣಿ ಇರೋ ಕಡೆಯ ಜನ ಈ ಮಾತು ಆಡೋದೇ ಇಲ್ಲ ಅಂತ ರಿಚರ್ಡ್ ಲಿಡೆಕ್ಕರ್ ಬರೆದ. ಇನ್ನು ಕಿಪ್ಲಿಂಗ್. 1895ರ ‘ದಿ ಸೆಕೆಂಡ್ ಜಂಗಲ್ ಬುಕ್’ನಲ್ಲಿ ಮೋಗ್ಲಿಯ ತೋಳಗಳ ಮೇಲೆ ದಂಡೆತ್ತಿ ಬರೋದೇ ಈ ಢೋಲ್‌ಗಳು. ಅಂದರೆ ತೋಳದ ಹೆಸರು ಹೊತ್ತು ತೋಳದ ಮೇಲೇ ಯುದ್ಧ!

ಭಾನುವಾರ ಕುಂದಾಣಕ್ಕೆ ಹೋದಾಗ ತಾತನಿಗೆ ಜಂಬದಿಂದ ಹೇಳಿದೆ. ಬೆಟ್ಟದ ತಪ್ಪಲಲ್ಲಿ ಕುರಿ ಮೇಯಿಸಿದ ಮನುಷ್ಯ. ಕುರಿ ಮಾರಿ ವರ್ಷಗಳೇ ಆದವು.

“ಅದ್ಯಾವನ್ಲಾ ಹಂಗಂದೋನು? ಸೀಳುನಾಯಿ ದೊಡ್ಡ ಕಾಡಿಂದು, ನಾನ್ ಕಂಡಿಲ್ಲ. ತೋಳ ಬಯಲಿಂದು. ನಮ್ ಹಟ್ಟಿಗೆ ಬಂದಿತ್ತು.”

“ಯಾವಾಗ ತಾತ?”

ವರ್ಷ ನೆನಪಿಲ್ಲ. ಹಿಡಿಮಳೆ ರಾತ್ರಿಯಂತೆ. ಸದ್ದೇ ಇಲ್ಲದೆ ಮರಿ ಹೊತ್ಕೊಂಡು ಹೋಗಿತ್ತಂತೆ. ಬೆಳಗ್ಗೆ ತಾಯಿಕುರಿ ಒಂದೇ ಸಮ ಕೂಗಿದಾಗಲೇ ಗೊತ್ತಾಗಿದ್ದು. ಆಮೇಲೆ ಒಂದು ತಿಂಗಳು ತಾತ ಹಟ್ಟಿ ಬಾಗಿಲಲ್ಲೇ ಮಲಗಿ, ರಾತ್ರಿಯೆಲ್ಲ ಎದ್ದೆದ್ದು ಕೂಗು ಹಾಕುತ್ತಿದ್ದರಂತೆ.

ನಾನು ತೋಳ ಅಂತ ದಿನಕ್ಕೆ ಹತ್ತು ಸಲ ಹೇಳಬಲ್ಲೆ. ಮಗಳಿಗೆ ಕತೆ ಹೇಳುವಾಗ ಹೇಳ್ತಾನೂ ಇರ್ತೀನಿ. ಆದರೆ ನೋಡಿಲ್ಲ. ನಿಘಂಟು ಬರೆದವರ ಥರ, ಕೇಳಿಸಿಕೊಂಡಿದ್ದೀನಿ ಅಷ್ಟೆ.

“ಆ ಕೂಗು ಒಂದ್ಸಲ ಹಾಕು ತಾತ” ಅಂತ ಫೋನ್ ತೆಗೆದೆ. ಅಕ್ಕಪಕ್ಕದೋರು ಏನಂದ್ಕೋತಾರೋ ಅಂತ ನಾಚಿಕೊಂಡರು. ಕೊನೆಗೆ ಮೆಲ್ಲಗೆ ಹಾಕಿದರು. ಕೂಗಿನ ಕೊನೆಗೆ ಕೆಮ್ಮು ಬಂತು. ರಾತ್ರಿ ಕೇಳಿ ನೋಡಿದರೆ, ಸರಿಯಾಗಿ ಅದೇ ಹೊತ್ತಿಗೆ ದೇವನಹಳ್ಳಿ ಕಡೆಗೆ ಇಳಿಯೋ ವಿಮಾನದ ಸದ್ದು. ಕೆಮ್ಮೊಂದೇ ಸ್ಪಷ್ಟ. ಮುಂದಿನ ಭಾನುವಾರ ಮತ್ತೆ ಹೋಗ್ತಿದ್ದೀನಿ.