ಹಾರ್ಮೋನೆಂಬ ಉಪಸರ್ಗ

ಯಾವ ಹೊಸ ಶಬ್ದ ಕಿವಿಗೆ ಬಿದ್ದರೂ ಮೊದಲು ಅದರ ವ್ಯುತ್ಪತ್ತಿಯನ್ನು ಅರಸುವುದು ನನ್ನಂಥ ವ್ಯಾಕರಣಾಭ್ಯಾಸಿಗೆ ಹುಟ್ಟುಗುಣವಿದ್ದಂತೆ. ‘ಹಾರ್ಮೋನು’ ಎಂಬ ಪದವನ್ನು 1905ರಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್. ಗ್ರೀಕ್ ಭಾಷೆಯ ಅದರ ಮೂಲಕ್ಕೆ ಪ್ರಚೋದಿಸು, ಚಲನೆಗೊಳಿಸು ಎಂದರ್ಥ. ಒಂದೆಡೆ ಹುಟ್ಟಿ, ರಕ್ತದೊಡನೆ ಹರಿದು, ಮತ್ತೊಂದೆಡೆಯ ಅಂಗವನ್ನು ಕಾರ್ಯಕ್ಕೆ ಹಚ್ಚುವ ದೂತನಿಗೆ ಇದು ತಕ್ಕ ಹೆಸರೇ ಸರಿ. ಆದರೆ ತಡೆದು ನಿಲ್ಲಿಸುವುದೂ ಆ ದೂತನ ಧರ್ಮವೆಂಬುದನ್ನು ನಾನು ಅರಿತದ್ದು ನಿಘಂಟಿನಿಂದಲ್ಲ. ನನ್ನ ದೇಹಕ್ಕೆ ಒದಗಿದ ಮಧುಮೇಹದಿಂದ.

ಮೂರು ವರ್ಷಗಳ ಹಿಂದೆ ವೈದ್ಯರು ಸಲ್ಫೊನೈಲ್‌ಯೂರಿಯಾ ವರ್ಗದ ಒಂದು ಗುಳಿಗೆಯನ್ನು ಬರೆದುಕೊಟ್ಟು, “ಪಂಡಿತರೇ, ಇದನ್ನು ನುಂಗಿದ ಮೇಲೆ ಊಟ ತಪ್ಪಿಸಬಾರದು” ಎಂದರು. ಕಾರಣವನ್ನು ತಿಳಿಯದೆ ವಿಧಿಯನ್ನು ಪಾಲಿಸುವುದು ನನಗೆ ಒಗ್ಗದು. ನಮ್ಮ ಶಾಲೆಯ ವಿಜ್ಞಾನದ ಅಧ್ಯಾಪಕಮಿತ್ರರನ್ನು ಕೇಳಿದೆ. ಅವರು ಕರಿಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದ್ದರ ಸಾರವನ್ನು ಸಹೃದಯರ ಮುಂದಿಡುತ್ತೇನೆ.

ಜಠರದ ಹಿಂದೆ ಅಡಗಿರುವ ಮೇದೋಜೀರಕ ಗ್ರಂಥಿಯಲ್ಲಿ ಕೆಲವು ಜೀವಕೋಶಗಳು ಗುಂಪುಗುಂಪಾಗಿ, ಕಡಲಿನ ನಡುವಣ ದ್ವೀಪಗಳಂತೆ ಚದುರಿವೆ. 1869ರಲ್ಲಿ ಇವನ್ನು ಮೊದಲು ವರ್ಣಿಸಿದವರು ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್. ಈ ದ್ವೀಪಗಳಲ್ಲಿರುವ ಬೀಟಾ ಕೋಶಗಳೇ ಇನ್ಸುಲಿನ್ನಿನ ಉಗ್ರಾಣ. ನರದ ಹಾಗೆ ಇವೂ ವಿದ್ಯುತ್ತಿನಿಂದ ಮಿಡಿಯುತ್ತವೆಂಬುದನ್ನು 1968ರಲ್ಲಿ ಡೀನ್ ಮತ್ತು ಮ್ಯಾಥ್ಯೂಸ್ ಎಂಬ ವಿಜ್ಞಾನಿಗಳು ಇಲಿಯ ಕೋಶಗಳಲ್ಲಿ ತೋರಿಸಿಕೊಟ್ಟರು.

ವಿಶ್ರಾಂತಿಯಲ್ಲಿರುವಾಗ ಈ ಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಕೋಶದ ಪೊರೆಯಲ್ಲಿನ ಒಂದು ಬಗೆಯ ದ್ವಾರಗಳು ತೆರೆದಿದ್ದು, ಪೊಟ್ಯಾಸಿಯಂ ಅವುಗಳ ಮೂಲಕ ಹೊರಕ್ಕೆ ಸೋರುತ್ತಿರುವುದೇ ಇದಕ್ಕೆ ಕಾರಣ. ಉಂಡ ಬಳಿಕ ರಕ್ತದಲ್ಲಿನ ಗ್ಲೂಕೋಸ್ ಕೋಶವನ್ನು ಹೊಕ್ಕು ಉರಿದಾಗ ಎಟಿಪಿ ಎಂಬ ಶಕ್ತಿದ್ರವ್ಯ ಹೆಚ್ಚುತ್ತದೆ. ಅದು ಈ ದ್ವಾರಗಳನ್ನು ಮುಚ್ಚುತ್ತದೆ. ಒಳಗಿನ ಋಣತ್ವ ಕುಗ್ಗುತ್ತಲೇ ಕ್ಯಾಲ್ಸಿಯಂ ದ್ವಾರಗಳು ತೆರೆದು, ಮಿಡಿತಗಳು ಅಲೆಯಲೆಯಾಗಿ ಏಳುತ್ತವೆ. ಒಳನುಗ್ಗಿದ ಕ್ಯಾಲ್ಸಿಯಂ ಇನ್ಸುಲಿನ್ನನ್ನು ರಕ್ತಕ್ಕೆ ಬಿಡಿಸುತ್ತದೆ. ಗ್ಲೂಕೋಸ್ ಆ ಪೊಟ್ಯಾಸಿಯಂ ದ್ವಾರಗಳನ್ನು ಮುಚ್ಚಿಸುತ್ತದೆಂಬುದನ್ನು 1984ರಲ್ಲಿ ಫ್ರಾನ್ಸೆಸ್ ಆಶ್‌ಕ್ರಾಫ್ಟ್ ಮತ್ತು ಅವರ ಸಹೋದ್ಯೋಗಿಗಳು ಸ್ಥಾಪಿಸಿದರು.

ಹಾಗಾದರೆ ಹಾರ್ಮೋನುಗಳಿಗೆ ಇಲ್ಲೇನು ಕೆಲಸ? ಊಟವಾದಾಗ ಕರುಳಿನಿಂದ ಹೊರಡುವ ಜಿಎಲ್‌ಪಿ-1 ಎಂಬ ಹಾರ್ಮೋನು ಬೀಟಾ ಕೋಶದ ಮಿಡಿತವನ್ನೂ ಇನ್ಸುಲಿನ್ನಿನ ಬಿಡುಗಡೆಯನ್ನೂ ಹೆಚ್ಚಿಸುತ್ತದೆ. ನೆರೆಯ ಡೆಲ್ಟಾ ಕೋಶದ ಸೊಮಾಟೊಸ್ಟಾಟಿನ್ ಬೇರೊಂದು ಬಗೆಯ ಪೊಟ್ಯಾಸಿಯಂ ದ್ವಾರವನ್ನು ತೆರೆದು ಮಿಡಿತವನ್ನು ಅಡಗಿಸುತ್ತದೆ. ಭಯ, ಆಯಾಸ, ಹಸಿವುಗಳ ವೇಳೆ ಉಕ್ಕುವ ಅಡ್ರಿನಲಿನ್ ಸಹ ಇನ್ಸುಲಿನ್ನಿಗೆ ತಡೆಯೊಡ್ಡುತ್ತದೆ.

ಇದನ್ನು ಕೇಳುತ್ತಿದ್ದಂತೆ ನನಗೆ ಉಪಸರ್ಗಗಳ ನೆನಪಾಯಿತು. ‘ಜಿ’ ಧಾತುವಿನಿಂದ ‘ಜಯ’. ಅದಕ್ಕೆ ‘ವಿ’ ಸೇರಿದರೆ ವಿಜಯ, ‘ಪರಾ’ ಸೇರಿದರೆ ಪರಾಜಯ. ಒಂದು ಅರ್ಥವನ್ನು ಬೆಳಗಿಸಿತು, ಇನ್ನೊಂದು ತಿರುಗಿಸಿತು. ಆದರೆ ಧಾತುವಿಲ್ಲದೆ ‘ವಿ’ಯೊಂದೇ ನಿಂತು ಯಾವ ವಿಜಯವನ್ನು ತಂದೀತು? ಬೀಟಾ ಕೋಶದಲ್ಲಿ ಗ್ಲೂಕೋಸೇ ಧಾತು, ಹಾರ್ಮೋನುಗಳು ಉಪಸರ್ಗಗಳು. ರಕ್ತದಲ್ಲಿ ಸಕ್ಕರೆ ತಗ್ಗಿದ್ದರೆ ಜಿಎಲ್‌ಪಿ-1 ಎಷ್ಟು ಕರೆದರೂ ಕೋಶ ಬಹುಮಟ್ಟಿಗೆ ಓಗೊಡದು. ಈ ಸಂಯಮವೇ ನಮ್ಮ ಪ್ರಾಣರಕ್ಷಣೆ.

ನನ್ನ ಗುಳಿಗೆಗೆ ಈ ಸಂಯಮವಿಲ್ಲ. ಸಕ್ಕರೆ ಇದೆಯೇ ಇಲ್ಲವೇ ಎಂದು ವಿಚಾರಿಸದೆ ಅದು ನೇರವಾಗಿ ಪೊಟ್ಯಾಸಿಯಂ ದ್ವಾರವನ್ನೇ ಮುಚ್ಚುತ್ತದೆ. ಕಳೆದ ವರ್ಷ ಪರಸ್ಥಳದ ಸಮಾರಂಭವೊಂದರಲ್ಲಿ ಭಾಷಣಗಳು ಬೆಳೆದು ಊಟದ ಹೊತ್ತು ಮೀರಿತು. ವೇದಿಕೆಯಲ್ಲಿದ್ದ ನನಗೆ ಮೈಯೆಲ್ಲ ಬೆವೆತು, ಕೈ ನಡುಗಿ, ನಾಲಗೆಯ ತುದಿಯಲ್ಲಿದ್ದ ಪದ್ಯ ಮರೆತುಹೋಯಿತು. ಆ ಬೆವರು, ಆ ನಡುಕಗಳು ಅಡ್ರಿನಲಿನ್ ಎತ್ತಿದ ಕೂಗು. ಅದು ತಡೆಯುತ್ತಿತ್ತು, ಗುಳಿಗೆ ದೂಡುತ್ತಿತ್ತು. ಹಳೆಯ ವಿದ್ಯಾರ್ಥಿಯೊಬ್ಬನು ಓಡಿಹೋಗಿ ಬೆಲ್ಲದ ಪಾನಕವನ್ನು ತಂದುಕೊಡದಿದ್ದರೆ ಏನಾಗುತ್ತಿತ್ತೋ ಊಹಿಸಲಾರೆ.

ಆದರೂ ಗುಳಿಗೆಯನ್ನು ಹಳಿಯುವುದು ನ್ಯಾಯವಲ್ಲ. ಹುಟ್ಟಿದ ಕೆಲವೇ ತಿಂಗಳುಗಳಲ್ಲಿ ಮಧುಮೇಹಕ್ಕೆ ತುತ್ತಾಗುವ ಕೆಲವು ಶಿಶುಗಳಲ್ಲಿ, ವಂಶವಾಹಿಯ ದೋಷದಿಂದಾಗಿ ಇದೇ ದ್ವಾರವು ಎಟಿಪಿಗೆ ಮಣಿದು ಮುಚ್ಚಿಕೊಳ್ಳುವುದಿಲ್ಲವೆಂದು 2004ರಲ್ಲಿ ತಿಳಿದುಬಂದಿತು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಂಥ 49 ರೋಗಿಗಳಿಗೆ ಈ ವರ್ಗದ ಗುಳಿಗೆಯನ್ನು ಕೊಟ್ಟಾಗ 44 ಮಂದಿ ಇನ್ಸುಲಿನ್ ಚುಚ್ಚುಮದ್ದನ್ನೇ ಬಿಡಲು ಶಕ್ತರಾದರು. ನನಗೆ ಅಪಾಯದ ಅಂಚನ್ನು ತೋರಿಸಿದ ಮದ್ದೇ ಅವರಿಗೆ ಬಿಡುಗಡೆಯನ್ನು ತಂದಿತು. ದ್ವಾರವನ್ನು ಅರಿತವರ ಉಪಕಾರವಿದು.

ಈ ಸಂಪುಟವನ್ನು ಓದುವ ಹಿರಿಯ ವಿದ್ಯಾರ್ಥಿಗಳಲ್ಲಿ ಹಲವರು ನನ್ನ ವಯಸ್ಸಿನವರು. ನನ್ನ ರೋಗದವರೂ ಇದ್ದಾರು. ಅವರಲ್ಲಿ ನನ್ನ ಬಿನ್ನಹ ಇಷ್ಟೇ: ನಿಮ್ಮ ಗುಳಿಗೆ ಯಾವ ಬಗೆಯದೆಂದು ವೈದ್ಯರಿಂದ ಕೇಳಿ ತಿಳಿಯಿರಿ, ಅದರ ಹೆಸರನ್ನು ಮನೆಯವರಿಗೂ ಹೇಳಿಡಿರಿ. ಸಭೆಗಳನ್ನು ನಡೆಸುವ ಮಹನೀಯರಲ್ಲಿಯೂ ಒಂದು ಅರಿಕೆ. ವಕ್ತಾರರು ಎಷ್ಟೇ ಘನವಿದ್ವಾಂಸರಾಗಿರಲಿ, ಊಟದ ಹೊತ್ತಿಗೆ ಭಾಷಣ ನಿಲ್ಲಲಿ.