ಮೂರುಗಾಲಿ ಗಾಡಿ

ಈ ಸಲದ ಪುಸ್ತಕಕ್ಕೆ ಏನಾದರೂ ಬರೆದುಕೊಡಿ ಎಂದು ವಾಚನಾಲಯದ ಹುಡುಗರು ಮನೆಗೆ ಬಂದಾಗ, "ಕೂಸಿನ ಗಾಡಿ ತಗೊಂಡಿದ್ದನ್ನ ಬರೀತೇನಿ" ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. "ಮಾಸ್ತರ, ನಮ್ಮೂರಾಗ ಕೂಸು ಬಗಲಾಗ ಇರತಾವ, ಇಲ್ಲಾ ತೊಟ್ಟಿಲದಾಗ ಇರತಾವ. ಗಾಡಿ ಯಾರಿಗೆ ಬೇಕ್ರಿ?" ಹೋದ ವರ್ಷದ ತನಕ ನಾನೂ ಹಂಗೇ ಅಂದುಕೊಂಡಿದ್ದೆ. ಆ ತಿಳಿವಳಿಕೆ ತಿದ್ದಿಕೊಳ್ಳಲಿಕ್ಕೆ ನನಗೆ ಒಂದಲ್ಲ, ಎರಡು ಗಾಡಿ ಬೇಕಾದವು.

ನನ್ನ ಮಗಳು ಸಾಂಗ್ಲಿಯ ವಿಶ್ರಾಮಬಾಗದಲ್ಲಿ ಇರುತ್ತಾಳೆ. ಸಾಂಗ್ಲಿ, ಮಿರಜ ಹೆಸರಿಗೆ ಎರಡು ಊರು. 1998ರಿಂದ ಕುಪವಾಡವನ್ನೂ ಕೂಡಿಸಿ ಒಂದೇ ಮಹಾನಗರಪಾಲಿಕೆ. ವಿಶ್ರಾಮಬಾಗ ಎರಡೂ ಊರುಗಳ ನಡುವೆ ಬರುತ್ತದೆ. ಅಳಿಯಂದಿರಿಗೆ ಮಿರಜ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿ, ಪಾಳಿಯ ಕೆಲಸ. ಮನೆ ಎರಡನೇ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ. ಬಾಣಂತನ ನಮ್ಮಲ್ಲೇ ಆಗಿತ್ತು. ಐದು ತಿಂಗಳಿಗೆ ತಾಯಿ–ಕೂಸನ್ನು ಕಳಿಸಿಕೊಟ್ಟಿದ್ದೆವು. ಮೊಮ್ಮಗಳಿಗೆ ಏಳು ತಿಂಗಳು ನಡೆದಾಗ ನಾನೂ ನನ್ನ ಹೆಂಡತಿಯೂ ಹದಿನೈದು ದಿವಸ ಇದ್ದು ಬರೋಣವೆಂದು ಹೋದೆವು.

ಮಗಳು ಮೊದಲಿನ ಹಾಗೆ ಇರಲಿಲ್ಲ. ಕೂಸಿಗೆ ಏನೂ ಕಡಿಮೆ ಮಾಡುತ್ತಿರಲಿಲ್ಲ, ನಮ್ಮ ಜೊತೆ ಮಾತೂ ಆಡುತ್ತಿದ್ದಳು. ಆದರೆ ಮಾತು ಮುಗಿದ ಕೂಡಲೇ ಕಿಟಕಿಯ ಹತ್ತಿರ ಹೋಗಿ ನಿಂತುಬಿಡುತ್ತಿದ್ದಳು. ಮೂರನೇ ದಿನ ನಾನೇ ಕೇಳಿದೆ, "ಯಾಕವ್ವಾ, ಏನಾಗೇತಿ?" ಅವಳು ತಡೆದು ತಡೆದು ಅಂದಳು: "ಅಪ್ಪಾ, ನಾ ಮತ್ತ ಓಡಬೇಕು."

ಮದುವೆಯಾಗಿ ಬಂದ ಮೇಲೆ ಅವಳು ದಿನಾ ಮುಂಜಾನೆ ನೇಮಿನಾಥನಗರದ ಬಯಲಿಗೆ ಹೋಗಿ ಓಡುತ್ತಿದ್ದಳಂತೆ. ನಮಗೆ ಹೇಳಿರಲಿಲ್ಲ. ಈಗ ಹೋಗಬೇಕೆಂದರೆ ಕೂಸನ್ನು ಯಾರ ಕೈಯಲ್ಲಿ ಕೊಡುವುದು? ಅಳಿಯಂದಿರು ರಾತ್ರಿ ಪಾಳಿ ಮುಗಿಸಿ ಬರುವಷ್ಟರಲ್ಲಿ ಎಂಟು ಗಂಟೆಯ ಬಿಸಿಲು. ಅದಕ್ಕೆ ಅವಳು ಕೇಳಿದ್ದು ಗಾಡಿ. ಮರಾಠಿಯವರು ಬಾಬಾಗಾಡಿ ಅನ್ನುತ್ತಾರಲ್ಲ, ಅದರಲ್ಲಿ ಮೂರು ಗಾಲಿಯದ್ದು. ಕೂಸನ್ನು ಅದರಲ್ಲಿ ಕೂಡಿಸಿಕೊಂಡು ಓಡಬಹುದು, ಪ್ಯಾಟಿಗೂ ಒಯ್ಯಬಹುದು.

ನನ್ನ ಹೆಂಡತಿ ಹಣೆ ಬಡಿದುಕೊಂಡಳು. "ಹಡದಾಕಿ ಕೂಸಿನ ಮುಂದ ಹಾಕ್ಕೊಂಡ ಓಡೂದಾ? ಮಂದಿ ಏನಂದಾರು?"

ನಾನು ಸುಮ್ಮನಿದ್ದೆ. ಸುಮ್ಮನಿರಲಿಕ್ಕೆ ಕಾರಣ ಇತ್ತು. ಇವಳು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಎಂಟುನೂರು ಮೀಟರ್ ಓಟದಲ್ಲಿ ಜತ್ತ ತಾಲೂಕಿಗೆ ಮೊದಲು ಬಂದಿದ್ದಳು. ಜಿಲ್ಲಾ ಆಟ ಸಾಂಗ್ಲಿಯಲ್ಲಿ, ಎರಡು ರಾತ್ರಿ ಅಲ್ಲೇ ಉಳಿಯಬೇಕು. ಬೇರೆ ಹುಡುಗಿಯರ ತಂದೆಯರ ಮನೆಗೆ ಹೋಗಿ "ಕಳಸ್ರಿ, ಹೆಣ್ಣಮಕ್ಕಳು ಮುಂದ ಬರಬೇಕು" ಎಂದು ಹೇಳಿ ಬಂದ ಇದೇ ಮಾಸ್ತರ ತನ್ನ ಮಗಳ ಒಪ್ಪಿಗೆ ಚೀಟಿಗೆ ಸಹಿ ಹಾಕಲಿಲ್ಲ. ಅವಳು ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಮೇಲೆ ಒಂದು ದಿನವೂ ಆ ಮಾತು ತೆಗೆಯಲಿಲ್ಲ.

ಮರುದಿನವೇ ಬಸ್ಸು ಹತ್ತಿ ಮಿರಜಕ್ಕೆ ಹೋದೆ. ಯಾರನ್ನೂ ಕೇಳಲಿಲ್ಲ. ಕಾಗವಾಡ, ಅಥಣಿ ಕಡೆಯ ಮಂದಿ ದವಾಖಾನೆಗೆ, ಸಂತಿಗೆ ಅಂತ ದಿನಾ ಬರುವ ಊರು ಅದು. ಅಂಗಡಿಯವನೂ ನನ್ನ ಟೊಪ್ಪಿಗೆ ನೋಡಿ ಕನ್ನಡದಲ್ಲೇ ಮಾತಾಡಿಸಿದ. ನೀಲಿ ಬಣ್ಣದ ಗಾಡಿ, ಮೂರು ಗಾಲಿ, ಆರು ಕಿಲೋ ತೂಕ, ಮಡಚಿದರೆ ಕೊಡೆಯ ಹಾಗೆ. ಒಂದೇ ಕೈಯಲ್ಲಿ ಎತ್ತಿದೆ. ಮೂರು ಗಾಲಿ ಅಂದಳು, ಮೂರು ಗಾಲಿ ಐತಿ, ಮತ್ತೇನು? ರೊಕ್ಕ ಕೊಟ್ಟು ತಂದೆ.

ಮೂರು ಗಾಲಿಯ ಗಾಡಿ ನನಗೆ ಹೊಸದಾಗಿರಲಿಲ್ಲ. ನಮ್ಮ ಮಕ್ಕಳೆಲ್ಲ ನಡೆಯಲು ಕಲಿತದ್ದು ಬಡಿಗೇರ ಮಾಡಿಕೊಟ್ಟ ಕಟ್ಟಿಗೆಯ ಗಾಡಿ ಹಿಡಿದು. ಮರಾಠಿಯಲ್ಲಿ ಅದಕ್ಕೆ ಪಾಂಗುಳಗಾಡಾ ಎನ್ನುತ್ತಾರೆ. ಹಿಂದೆ ಎರಡು, ಮುಂದೆ ಒಂದು ಗಾಲಿ. ಕೂಸು ನಿಂತು ದೂಡುತ್ತದೆ, ಗಾಡಿ ಮುಂದೆ ಸರಿಯುತ್ತದೆ. ನಮ್ಮ ಅಂಗಳದ ತಗ್ಗುದಿನ್ನೆಯಲ್ಲೂ ಅದು ಗಡಗಡ ಅಲ್ಲಾಡುತ್ತಿರಲಿಲ್ಲ. ಕಾರಣ ಭೂಮಿತಿಯಲ್ಲಿದೆ. ಒಂದೇ ಸಾಲಿನಲ್ಲಿಲ್ಲದ ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ನಾಲ್ಕನೆಯದು ಆ ಸಮತಲಕ್ಕೆ ಬಂದೇ ಬರುತ್ತದೆಂಬ ಖಾತ್ರಿ ಇಲ್ಲ. ಮೂರು ಕಲ್ಲಿನ ಒಲೆ ಅಲುಗುವುದಿಲ್ಲ, ನಾಲ್ಕು ಕಾಲಿನ ಮಂಚಕ್ಕೆ ಒಂದು ಕಾಲಿನ ಕೆಳಗೆ ಚಿಪ್ಪು ಕೊಡಬೇಕಾಗುತ್ತದೆ. ಇದನ್ನು ವರ್ಷ ವರ್ಷ ಹುಡುಗರಿಗೆ ಕಲಿಸಿದವ ನಾನು. ಆದರೆ ಕಲಿಸಿದ್ದು ಅರ್ಧ ಪಾಠ. ಮೂರು ಗಾಲಿಯ ಆಧಾರ ಒಂದು ತ್ರಿಕೋನ. ಮುಂದಿನ ಎರಡು ಮೂಲೆಗಳ ಕೆಳಗೆ ಏನೂ ಇರುವುದಿಲ್ಲ. ಜೋರಾಗಿ ಹೋಗುವಾಗ ತಿರುಗಿಸಿದರೆ ಗಾಡಿ ಆ ಖಾಲಿ ಮೂಲೆಯ ಕಡೆಗೇ ವಾಲುತ್ತದೆ.

ಉಳಿದ ಅರ್ಧ ಪಾಠ ಎರಡನೇ ದಿನವೇ ಆಯಿತು. ಮುಂಜಾನೆ ನಾನೇ ಕೂಸನ್ನು ಕೂಡಿಸಿಕೊಂಡು ಹೊರಟೆ. ಮಗಳು ಪಕ್ಕದಲ್ಲಿ ಬರುತ್ತಿದ್ದಳು. ಮೊಮ್ಮಗಳು ನಕ್ಕಳೆಂದು ನನಗೂ ಹುರುಪು ಬಂತು, ನಡಿಗೆ ಬಿರುಸು ಮಾಡಿದೆ. ಓಡಲಿಲ್ಲ, ಬಿರಬಿರನೆ ನಡೆದೆ ಅಷ್ಟೆ. ಗಟಾರದ ಮೇಲಿನ ಕಬ್ಬಿಣದ ಜಾಳಿಗೆಯ ಸಂದಿಯಲ್ಲಿ ಮುಂದಿನ ಸಣ್ಣ ಗಾಲಿ ಸಿಕ್ಕಿತು. ಗಾಡಿ ನಿಂತಿತು, ನಾನು ನಿಲ್ಲಲಿಲ್ಲ. ಹಿಂದಿನ ಎರಡೂ ಗಾಲಿ ಮೇಲೆದ್ದು ಗಾಡಿ ಮುಂದಕ್ಕೆ ಬೋರಲಾಯಿತು. ಮಗಳು ಹೊರಡುವಾಗ ಪಟ್ಟಿ ಬಿಗಿದು ಕಟ್ಟಿದ್ದಳು, ಅದೇ ಉಳಿಸಿತು. ಕೂಸು ತಲೆಕೆಳಗಾಗಿ ಜೋತು ಬಿದ್ದು ಚೀರಿತು. ಗಾಯ ಏನೂ ಆಗಲಿಲ್ಲ. ನನ್ನ ಕೈ ಮಾತ್ರ ಸಂಜೆಯವರೆಗೂ ನಡುಗುತ್ತಿತ್ತು.

ಮನೆಗೆ ಬಂದು ಗಾಡಿಯ ಜೊತೆ ಬಂದಿದ್ದ ಚೀಟಿ ತೆಗೆದು ನೋಡಿದೆ. ಓಡಲು ಬಳಸಬಾರದು ಎಂದು ಸಣ್ಣ ಅಕ್ಷರದಲ್ಲಿ ಇತ್ತು. "ಮೊದಲ ಪ್ರಶ್ನೆ ಪೂರ್ತಿ ಓದ್ರಿ, ಆಮ್ಯಾಲೆ ಉತ್ತರ ಬರೀರಿ" ಅಂತ ಮೂವತ್ತಾರು ವರ್ಷ ಹೇಳಿದವ ಓದಿರಲಿಲ್ಲ. ಅಂಗಡಿಯವನ ತಪ್ಪು ಏನೂ ಇಲ್ಲ. ಓಡುವ ಮಾತನ್ನು ನಾನು ಅವನಿಗೆ ಹೇಳೇ ಇರಲಿಲ್ಲ.

ಹೆಂಡತಿ "ನಾ ಹೇಳಿದ್ನಿಲ್ಲ?" ಅಂದಳು. ಮಗಳು ಏನೂ ಅನ್ನದೆ ಗಾಡಿ ಮಡಚಿ ಮಂಚದ ಕೆಳಗೆ ಸರಿಸಿದಳು. ಒಪ್ಪಿಗೆ ಚೀಟಿಯ ದಿನವೂ ಹೀಗೇ ಸುಮ್ಮನಾಗಿದ್ದಳು. ಈ ಸಲ ಅಲ್ಲಿಗೇ ಬಿಡುವುದಿಲ್ಲ ಅಂದುಕೊಂಡೆ. "ಅವ್ವಾ, ಎಂಥಾ ಗಾಡಿ ಬೇಕು, ನನಗ ಕಲಿಸು" ಅಂದೆ.

ಅವಳು ಕಲಿಸಿದಳು. ಮೂರು ಗಾಲಿಯ ಗಾಡಿಯಲ್ಲೇ ಎರಡು ಜಾತಿ. ಒಂದು ಹಗುರದ್ದು, ಸಣ್ಣ ಪ್ಲಾಸ್ಟಿಕ್ ಗಾಲಿ, ನುಣುಪು ನೆಲಕ್ಕೆ. ಇನ್ನೊಂದು ಓಡುವವರದ್ದು. ಅದರ ಗಾಲಿ ದೊಡ್ಡದು, ಒಳಗೆ ಗಾಳಿ ತುಂಬಿದ ಟ್ಯೂಬು ಇರುತ್ತದೆ. ದೊಡ್ಡ ಗಾಲಿ ಸಣ್ಣ ತಗ್ಗಿನೊಳಗೆ ಇಳಿಯುವುದಿಲ್ಲ, ಮೇಲೆ ಹಾದು ಹೋಗುತ್ತದೆ. ಬಂಡಿಯ ಗಾಲಿ ಯಾಕೆ ಅಷ್ಟು ದೊಡ್ಡದಿರುತ್ತದೆ ಎಂದು ನಮ್ಮ ರೈತರಿಗೆ ಹೇಳಬೇಕಾಗಿಲ್ಲ. ಇನ್ನು ಮುಂದಿನ ಗಾಲಿ. ಪ್ಯಾಟಿಯಲ್ಲಿ ಅದು ಅತ್ತಿತ್ತ ಹೊರಳಬೇಕು. ಓಡುವಾಗ ಹೊರಳಬಾರದು, ನೆಟ್ಟಗೆ ಲಾಕ್ ಆಗಬೇಕು. ಇಲ್ಲದಿದ್ದರೆ ಜೋರಿನಲ್ಲಿ ಅದು ತಟತಟ ನಡುಗುತ್ತದೆ, ಒಂದು ಹರಳು ಸಿಕ್ಕರೂ ಫಕ್ಕನೆ ಅಡ್ಡ ತಿರುಗುತ್ತದೆ. ಲಾಕ್ ಮಾಡಿದಾಗ ತಿರುಗಬೇಕೆಂದರೆ ನಿಧಾನ ಮಾಡಿ, ಹಿಡಿಕೆ ಒತ್ತಿ, ಮುಂದಿನ ಗಾಲಿ ಎತ್ತಿ ತಿರುಗಿಸಬೇಕು.

ಅವಳ ಮೊಬೈಲಿನಲ್ಲಿ ಈ ಗಾಡಿಗಳ ಕಥೆಯನ್ನೂ ಓದಿದೆ. ಕೊಡೆಯ ಹಾಗೆ ಮಡಚುವ ಹಗುರ ಗಾಡಿಯನ್ನು 1965ರಲ್ಲಿ ಮಾಡಿದವರು ಇಂಗ್ಲೆಂಡಿನ ಓವನ್ ಮ್ಯಾಕ್ಲಾರೆನ್, ವಿಮಾನದ ಇಂಜಿನಿಯರು. ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿಯ ಚೌಕಟ್ಟಿನ ಕೆಲಸ ಮಾಡಿದವರು. ಮಗಳು ಅಮೆರಿಕದಿಂದ ಕೂಸನ್ನೂ ಭಾರದ ಗಾಡಿಯನ್ನೂ ಹೊತ್ತು ಬರುವ ಪಾಡು ನೋಡಿ ಅದನ್ನು ಮಾಡಿದರಂತೆ. ಓಡುವ ಗಾಡಿ ಮಾಡಿದವರು ಅಮೆರಿಕದ ಯಾಕಿಮಾ ಊರಿನ ಫಿಲ್ ಬೇಕ್ಲರ್, ಪತ್ರಿಕೆಯ ಕೆಲಸದವರು. ಓಡುವುದನ್ನೂ ಬಿಡಲಾಗದೆ, ಮಗನನ್ನೂ ಬಿಟ್ಟಿರಲಾಗದೆ, 1980ರ ದಶಕದ ಮೊದಲಲ್ಲಿ ಹಳೆಯ ಗಾಡಿಗೆ ಸೈಕಲ್ಲಿನ ಗಾಲಿ ಜೋಡಿಸಿಕೊಂಡರು. ಒಂದು ಹಗುರ ಬೇಕೆಂದು ಹುಟ್ಟಿದ್ದು, ಇನ್ನೊಂದು ಓಡಬೇಕೆಂದು ಹುಟ್ಟಿದ್ದು. ನಮಗೆ ಎರಡೂ ಬೇಕಾಗಿತ್ತು, ಅದೇ ತೊಡಕು.

ಇಬ್ಬರೂ ಕೂತು ಅಳತೆ ಮಾಡಿದೆವು. ಬಾಗಿಲ ಅಗಲ, ಜಿನೆಯ ತಿರುವು, ಮಂಚದ ಕೆಳಗಿನ ಎತ್ತರ, ಅವಳ ಸೊಂಟದ ಎತ್ತರ. ಹಿಡಿಕೆ ಸೊಂಟದ ಮಟ್ಟಕ್ಕೆ ಬರಬೇಕು. ಓಡುವಾಗ ಮೊಳಕಾಲು ಹಿಂದಿನ ಅಚ್ಚಿಗೆ ತಾಗಬಾರದು. ಎರಡು ಮಾಳಿಗೆ ಎತ್ತಿಕೊಂಡು ಹತ್ತುವವಳು ಅವಳೇ ಆದ್ದರಿಂದ ತೂಕ ಹನ್ನೆರಡು ಕಿಲೋ ದಾಟಬಾರದು. ಇಷ್ಟನ್ನು ಕಾಗದದಲ್ಲಿ ಬರೆದುಕೊಂಡೆವು.

ನಮ್ಮ ಊರಿನಿಂದ ಒಯ್ದಿದ್ದ ಬಿಳಿಜೋಳದಲ್ಲಿ ಎಂಟು ಕಿಲೋ ತೂಗಿ ಒಂದು ಚೀಲಕ್ಕೆ ಹಾಕಿ ಬಾಯಿ ಹೊಲಿದೆ. ಮೊಮ್ಮಗಳ ತೂಕ ಅಷ್ಟೇ ಇತ್ತು. ಖಾಲಿ ಗಾಡಿ ಯಾವುದಾದರೂ ಸಲೀಸಾಗಿ ಹೋಗುತ್ತದೆ, ಭಾರ ಬಿದ್ದಾಗಲೇ ಗುಣ ತಿಳಿಯುವುದು. ಆ ಚೀಲ ಹೆಗಲ ಮೇಲೆ ಹೊತ್ತು ಸಾಂಗ್ಲಿಯ ಅಂಗಡಿಗಳಿಗೆ ಹೋದೆವು. ಒಬ್ಬರು ನಕ್ಕರು, ಒಬ್ಬರು ತಾವೇ ಚೀಲಕ್ಕೆ ಬೆಲ್ಟು ಕಟ್ಟಿಕೊಟ್ಟರು. ಆದರೆ ಗಾಳಿ ತುಂಬುವ ಗಾಲಿಯ ಗಾಡಿ ಸಿಗಲಿಲ್ಲ. ಹೊಸದು ತರಿಸಬೇಕೆಂದರೆ ಬೆಲೆ ನನ್ನ ಪಿಂಚಣಿಯ ಹತ್ತಿರ ಬರುತ್ತಿತ್ತು.

ಕಡೆಗೆ ಅಳಿಯಂದಿರೇ ಸುದ್ದಿ ತಂದರು. ಮಿರಜದ ಒಂದು ಮನೆಯಲ್ಲಿ, ಪರದೇಶದಿಂದ ಬಂದ ಮಗ ಬಿಟ್ಟುಹೋದ ಗಾಡಿ ಇತ್ತು. ಜೋಳದ ಚೀಲ ಮತ್ತೆ ಹೆಗಲೇರಿತು. ಮುಂದೆ ಹನ್ನೆರಡು ಇಂಚಿನ ಗಾಲಿ, ಹಿಂದೆ ಹದಿನಾರು. ತೂಕ ಹನ್ನೊಂದು ಕಿಲೋ. ಹಿಂದಿನ ಗಾಲಿ ಗುಂಡಿ ಒತ್ತಿದರೆ ಬಿಚ್ಚಿ ಬರುತ್ತವೆ, ಬಿಚ್ಚಿದರೆ ಮಂಚದ ಕೆಳಗೆ ಸೇರುತ್ತದೆ. ಚೀಲ ಕೂಡಿಸಿ, ಮುಂದಿನ ಗಾಲಿ ಲಾಕ್ ಮಾಡಿ, ಅವರ ಅಂಗಳದಲ್ಲಿ ಮೆಲ್ಲಗೆ ದೂಡಿ ಬಿಟ್ಟೆ. ಹತ್ತು ಹೆಜ್ಜೆ ನೆಟ್ಟಗೆ ಹೋಯಿತು. ಒಂದು ಕಡೆ ಎಳೆದರೆ ಚೌಕಟ್ಟು ಸೊಟ್ಟಗಾಗಿದೆ ಎಂದು ಅರ್ಥ. ಬೆಲ್ಟಿನ ಹೊಲಿಗೆ ಒಂದೊಂದಾಗಿ ಜಗ್ಗಿ ನೋಡಿದೆವು. ಎರಡು ಹೆಗಲಿಗೆ, ಎರಡು ಸೊಂಟಕ್ಕೆ, ಒಂದು ಕಾಲುಗಳ ನಡುವೆ, ಹೀಗೆ ಐದೂ ಗಟ್ಟಿ. ಇಳಿಜಾರಿನಲ್ಲಿ ಕಾಲಬ್ರೇಕು ಹಾಕಿ ನಿಲ್ಲಿಸಿದರೆ ಕದಲಲಿಲ್ಲ. ಹಿಡಿಕೆಗೆ ಒಂದು ಪಟ್ಟಿ ಇತ್ತು. ಅದನ್ನು ಮಣಿಕಟ್ಟಿಗೆ ಹಾಕಿಕೊಂಡರೆ ಕೈ ಜಾರಿದರೂ ಗಾಡಿ ತಾನೇ ಉರುಳಿ ಹೋಗುವುದಿಲ್ಲ. ಟ್ಯೂಬು ಒಂದು ಮಾತ್ರ ಹಾಳಾಗಿತ್ತು. ಮಿರಜದ ಸೈಕಲ್ ಅಂಗಡಿಯಲ್ಲಿ ಸಣ್ಣ ಮಕ್ಕಳ ಸೈಕಲ್ಲಿನ ಟ್ಯೂಬು ಅದಕ್ಕೆ ಸರಿಯಾಗಿ ಕೂತಿತು.

ಆದರೂ ಕೂಡಲೇ ಓಡಲು ನಾನು ಬಿಡಲಿಲ್ಲ. ಮಕ್ಕಳ ಡಾಕ್ಟರರಿಗೆ ತೋರಿಸಿದೆವು. ಆರು ತಿಂಗಳೊಳಗಿನ ಕೂಸನ್ನು ಗಾಡಿಯಲ್ಲಿ ಕೂಡಿಸಿ ಓಡಲೇಬಾರದು, ಕತ್ತು ಗಟ್ಟಿಯಾಗಿ ನಿಂತು ಆಧಾರವಿಲ್ಲದೆ ಕೂಡುವಂತಾಗಬೇಕು ಎಂದರು. ಕೆಲವು ಗಾಡಿಯವರು ಎಂಟು ತಿಂಗಳು ಎಂದು ಬರೆದಿರುತ್ತಾರೆ, ಚೀಟಿ ಓದಿರಿ ಎಂದರು. ಈ ಸಲ ಓದಿದೆ. ಎಂಟು ಎಂದೇ ಇತ್ತು. ಮಗಳ ಸ್ವಂತ ಡಾಕ್ಟರರೂ ಮೊದಲು ನಡಿಗೆ, ಆಮೇಲೆ ಓಟ ಎಂದರು. ಹದಿನೈದು ದಿವಸಕ್ಕೆಂದು ಹೋದವರು ಒಂದೂವರೆ ತಿಂಗಳು ನಿಂತೆವು.

ಎಂಟು ತಿಂಗಳು ತುಂಬಿದ ಮೇಲೆ ಒಂದು ಸೋಮವಾರ ಆರು ಗಂಟೆಗೆ ನೇಮಿನಾಥನಗರದ ಬಯಲಿಗೆ ಹೋದೆವು. ಹೆಂಡತಿಯೂ ಬಂದಳು. ಕೂಸಿಗೆ ಕುಂಚಿಗೆ ಕಟ್ಟಿ, ಬೆಲ್ಟು ತಾನೇ ಎರಡು ಸಲ ಜಗ್ಗಿ ನೋಡಿದಳು. ಮಗಳು ಮಣಿಕಟ್ಟಿಗೆ ಪಟ್ಟಿ ಹಾಕಿಕೊಂಡು ಮೊದಲು ನಡೆದಳು, ಆಮೇಲೆ ನಿಧಾನಕ್ಕೆ ಓಡಿದಳು. ಬೆಳಗಿನ ತಿರುಗಾಟಕ್ಕೆ ಬಂದವರು ನೋಡಿದರು. ಒಬ್ಬ ಮುದುಕಿ "ಬಾಬಾಗಾಡಿ ಘೇಊನ ಪಳತೇಯ ಬಘಾ" ಎಂದು ಪಕ್ಕದವಳಿಗೆ ತೋರಿಸಿದಳು. ನನ್ನ ಹೆಂಡತಿ ತಿರುಗಿ, "ಮಾಝೀ ಮುಲಗೀ ಆಹೇ" ಅಂದಳು. ನನ್ನ ಮಗಳು ಆಕಿ. ಮಂದಿ ಏನಂದಾರು ಎಂದಿದ್ದವಳು ಇವಳೇ.

ಶಾಲೆಯಲ್ಲಿ ಆಟದ ತಾಸಿಗೆ ಬಳಸುತ್ತಿದ್ದ ಗಡಿಯಾರ ಒಯ್ದಿದ್ದೆ. ಎರಡು ಸುತ್ತು ಓಡಿ ಬಂದು ಏದುಸಿರು ಬಿಡುತ್ತ, "ಅಪ್ಪಾ, ಎಷ್ಟ ಹೊತ್ತಾತು?" ಎಂದು ಕೇಳಿದಳು. ನಾನು ಗಡಿಯಾರದ ಗುಂಡಿ ಒತ್ತಲು ಮರೆತೇ ಹೋಗಿದ್ದೆ. "ಮತ್ತೊಂದ ಸಲ ಓಡವ್ವಾ, ಈ ಸಲ ಒತ್ತತೇನಿ" ಅಂದೆ. ಅವಳು ನಕ್ಕಳು. ಕೂಸು ಅಷ್ಟರಲ್ಲಿ ನಿದ್ದೆ ಹೋಗಿತ್ತು.

ನೀಲಿ ಗಾಡಿಯನ್ನು ಬಿಸಾಡಲಿಲ್ಲ. ಭಾಜಿ ತರಲು ಹತ್ತಿರದ ನುಣುಪು ರಸ್ತೆಗೆ ನಿಧಾನವಾಗಿ ಒಯ್ದರೆ ಅದೂ ಒಳ್ಳೆಯದೇ. ಜೋಳದ ಚೀಲದ ಹೊಲಿಗೆ ಬಿಚ್ಚಿ, ಗಿರಣಿಗೆ ಹಾಕಿಸಿ, ನಾವು ಹೊರಡುವ ಮುಂಚಿನ ವಾರವೆಲ್ಲ ರೊಟ್ಟಿ ಮಾಡಿದೆವು. ವಾಚನಾಲಯದ ಹುಡುಗರೇ, ನಿಮ್ಮ ಅಕ್ಕನೋ ತಂಗಿಯೋ ನಾಳೆ ಇಂಥದ್ದೊಂದು ಗಾಡಿ ಬೇಕು ಅಂದರೆ, ಅವಳನ್ನೇ ಕರೆದುಕೊಂಡು ಹೋಗಿರಿ. ತೂಗಿದ ಚೀಲ ಒಂದು ಸಂಗಡ ಇರಲಿ. ತಕ್ಕಡಿ ನಮ್ಮ ಮನೆಯಲ್ಲಿದೆ, ಬಂದು ಒಯ್ಯಿರಿ.