ಕೆಂಪು ಕಂದರಗಳಲ್ಲಿ ನಾಯಿಯೊಡನೆ

ನಾಯಿಯನ್ನು ಬಿಟ್ಟು ಬಂದರೆ ಮಾತ್ರ ಸ್ವರ್ಗಪ್ರವೇಶವೆಂದು ಕೇಳಿದಾಗ ಧರ್ಮರಾಯನಿಗೆ ಒದಗಿದ ಸಂಕಟವು, ಅಮೆರಿಕದ ಯೂಟಾ ಸಂಸ್ಥಾನದ ದಕ್ಷಿಣ ಸೀಮೆಗೆ ನಾಯಿಯೊಡನೆ ಮೋಟಾರಿನಲ್ಲಿ ಹೊರಟ ಪ್ರವಾಸಿಗೂ ತಪ್ಪಿದ್ದಲ್ಲ. ಜಗತ್ಪ್ರಸಿದ್ಧವಾದ ಜಯಾನ್ ರಾಷ್ಟ್ರೀಯೋದ್ಯಾನದಲ್ಲಿ ನಾಯಿಗೆ ತೆರೆದಿರುವ ಕಾಲುದಾರಿ ಒಂದೇ: ಹೊಳೆಯ ಮಗ್ಗುಲಿನ ಪಾರೂಸ್ ಹಾದಿ. ಬ್ರೈಸ್ ಕಂದರದಲ್ಲಿ ಅಂಚಿನ ಮೇಲಿನ ಡಾಂಬರು ಹಾದಿಯಲ್ಲಿ ತುಸು ದೂರ ನಡೆಯಬಹುದು; ಕೆಳಗಿಳಿಯುವ ದಾರಿಗಳೆಲ್ಲ ನಿಷಿದ್ಧ. ಕಾಡುಪ್ರಾಣಿಗಳ ಹಿತಕ್ಕಾಗಿ ಮಾಡಿದ ಈ ಕಟ್ಟಳೆಯನ್ನು ದೂರುವಂತಿಲ್ಲ.

ಆದರೂ ಬ್ರೈಸ್‌ನ ಅಂಚಿನಲ್ಲಿ ಚಳಿಗಾಲದ ಒಂದು ಬೆಳಗನ್ನು ಕಳೆಯದೆ ಮುಂದೆ ಹೋಗಬಾರದು. ಎಂಟು ಸಾವಿರ ಅಡಿಗೂ ಮಿಗಿಲಾದ ಎತ್ತರ. ಕೆಳಗೆ ಕಾವಿ ಬಣ್ಣದ ಸಾವಿರಾರು ಶಿಲಾಸ್ತಂಭಗಳು, ಒಂದೊಂದರ ನೆತ್ತಿಯ ಮೇಲೂ ಹಿಮದ ಮುಂಡಾಸು. ಹಗಲಿನಲ್ಲಿ ಕರಗಿದ ಹಿಮವು ಬಿರುಕುಗಳಿಗಿಳಿದು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಲ್ಲನ್ನು ಸೀಳುತ್ತದೆ. ಈ ಕಂಬಗಳನ್ನು ಕಡೆದ ಶಿಲ್ಪಿ ಇದೇ ಚಳಿ. ನಾಯಿಗೂ ಇದೇ ಹಿತವಾದ ಕಾಲ. ಬೇಸಗೆಯಲ್ಲಿ ಕಾದ ಬಂಡೆ ಅದರ ಅಂಗಾಲನ್ನು ಸುಡುತ್ತದೆ. ನಿಲ್ಲಿಸಿದ ಕಾರು ಕುಲುಮೆಯಾಗುತ್ತದೆ.

ಇಲ್ಲಿಂದ ಪೂರ್ವಕ್ಕೆ ಹನ್ನೆರಡನೆಯ ನಂಬರಿನ ಹೆದ್ದಾರಿ ಎಸ್ಕಲಾಂಟೆ ಎಂಬ ಸಣ್ಣ ಊರಿಗೆ ಕರೆದೊಯ್ಯುತ್ತದೆ. 1996ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಸಾರಲ್ಪಟ್ಟ ಈ ವಿಸ್ತಾರವಾದ ಬಂಡೆನಾಡಿನ ಬಹುಭಾಗದಲ್ಲಿ ನಾಯಿಗೆ ಅಡ್ಡಿಯಿಲ್ಲ. ನಾಯಿಯ ದೆಸೆಯಿಂದ ಹೆಸರುವಾಸಿಯಾದ ತಾಣಗಳನ್ನು ಕಳೆದುಕೊಂಡವರಿಗೆ, ಅದೇ ನಾಯಿಯ ದೆಸೆಯಿಂದ ಜನಸಂದಣಿಯಿಲ್ಲದ ಕಂದರಗಳು ದೊರೆಯುತ್ತವೆ.

ಊರಿನ ಬಳಿ ಕವಲೊಡೆಯುವ ಮಣ್ಣಿನ ರಸ್ತೆಯ ಹೆಸರು ‘ಹೋಲ್ ಇನ್ ದ ರಾಕ್’, ಬಂಡೆಯ ಕಂಡಿ. 1879ರಲ್ಲಿ ಮಾರ್ಮನ್ ಪಂಥದ ಸುಮಾರು 250 ಜನ, ಎಂಬತ್ತಕ್ಕೂ ಹೆಚ್ಚು ಬಂಡಿಗಳನ್ನು ಕಟ್ಟಿಕೊಂಡು, ಹೊಸ ನೆಲೆಯನ್ನರಸಿ ಈ ದಾರಿ ಹಿಡಿದರು. ಕೊಲರಾಡೋ ನದಿಯ ಕಡಿದಾದ ದಂಡೆ ಅಡ್ಡವಾಯಿತು. ನಡುಚಳಿಗಾಲದಲ್ಲಿ ಬಂಡೆಯ ಸೀಳೊಂದನ್ನು ಮದ್ದಿನಿಂದ ಅಗಲಿಸಿ, 1880ರ ಜನವರಿಯಲ್ಲಿ ಬಂಡಿಗಳನ್ನು ಹಗ್ಗ ಹಿಡಿದು ಇಳಿಸಿದರು. ಆರು ವಾರವೆಂದು ಹೊರಟ ಪಯಣ ಆರು ತಿಂಗಳು ಹಿಡಿಯಿತು. ಇಂದಿಗೂ ಮಳೆ ಬಿದ್ದರೆ, ಹಿಮ ಕರಗಿದರೆ, ಈ ರಸ್ತೆಯ ಜೇಡಿಮಣ್ಣು ಕಾರಿನ ಗಾಲಿಯನ್ನು ಬಿಡುವುದಿಲ್ಲ. ಮೋಡವನ್ನು ನೋಡಿ ಹೊರಡುವುದೇ ಜಾಣತನ.

ಈ ರಸ್ತೆಯಲ್ಲಿ 26 ಮೈಲಿ ಸಾಗಿದರೆ ಸೀಳು ಕಂದರಗಳ ದಾರಿ. ಕೆಲವೆಡೆ ಅಗಲ ಒಂದಡಿಗೂ ಕಡಮೆ. ಆಕಾಶವು ಮೇಲೊಂದು ನೀಲಿ ದಾರ. ಅಪಾಯವಿರುವುದು ಇಲ್ಲಿಯೇ. ಇಳಿಜಾರಿನಲ್ಲಿ ಹುರುಪಿನಿಂದ ಜಿಗಿದ ನಾಯಿಗೆ ಆಳೆತ್ತರದ ನುಣುಪು ಗೋಡೆಯನ್ನು ಮರಳಿ ಹತ್ತಲಾಗದು. ಹೊತ್ತು ಹತ್ತಿಸಲು ಮನುಷ್ಯನಿಗೂ ಕಾಲೂರುವೆಡೆ ಇರದು. ಬಿಸಿಲು ಕಾಣದ ತಳದಲ್ಲಿ ನಿಂತ ನೀರು ಕೊರೆಯುತ್ತದೆ. ಒದ್ದೆಯಾದ ನಾಯಿ ನಡುಗತೊಡಗಿದರೆ ಅಂದಿನ ನಡಿಗೆ ಮುಗಿಯಿತೆಂದೇ ತಿಳಿಯಬೇಕು. ಸೀಳಿನ ಬಾಯಲ್ಲಿ ನಿಂತು ಒಳಗಿಣುಕಿ ಹಿಂದಿರುಗುವುದರಲ್ಲಿ ಅವಮಾನವೇನೂ ಇಲ್ಲ.

ನಾಯಿಗೆ ಒಪ್ಪುವ ನಡಿಗೆಯೆಂದರೆ, ಎಸ್ಕಲಾಂಟೆಯಿಂದ 15 ಮೈಲಿ ದೂರದ ಕಾಫ್ ಕ್ರೀಕ್, ಎಂದರೆ ಕರುಗಳ ತೊರೆ. ಹಿಂದೆ ದನಗಾಹಿಗಳು ಈ ಕಮರಿಯನ್ನೇ ದೊಡ್ಡಿಯಾಗಿಸಿ ಕರುಗಳನ್ನು ಕೂಡುತ್ತಿದ್ದರು. ಮೂರು ಮೈಲಿಯ ಮರಳು ಹಾದಿ. ನಾಯಿಯ ಕೊರಳಿಗೆ ಹಗ್ಗವಿರಲೇಬೇಕು. ಹಾದಿಯಾಚೆ ನೆಲದ ಮೇಲೆ ಕಾಣುವ ಕಪ್ಪನೆಯ ಹೆಪ್ಪು ಬರಿಯ ಮಣ್ಣಲ್ಲ, ಸೂಕ್ಷ್ಮಜೀವಿಗಳು ಹೆಣೆದ ಸಜೀವವಾದ ಪದರ. ಒಮ್ಮೆ ತುಳಿದರೆ ಕೂಡಿಕೊಳ್ಳಲು ಹಲವು ವರ್ಷಗಳು ಬೇಕು. ಎದುರಿನ ಬಂಡೆಯಲ್ಲಿ ಪ್ರಾಚೀನ ಫ್ರಿಮಾಂಟ್ ಜನ ಕೆಂಪು ಬಣ್ಣದಲ್ಲಿ ಬರೆದ ಮೂರು ಮಾನವಾಕೃತಿಗಳಿವೆ.

ಕೊನೆಯಲ್ಲಿ 126 ಅಡಿಯ ಜಲಪಾತ. ಚಳಿಗಾಲದಲ್ಲಿ ಅದರ ಇಕ್ಕೆಲಗಳಲ್ಲಿ ಹರಳಿನಂಥ ಹಿಮದ ಜಡೆಗಳು. ನಡುವೆ ಬಿಳಿಯ ಧಾರೆ. ಮಡುವಿಗೆ ಇಳಿಯಗೊಡದೆ ನಾಯಿಯನ್ನು ಕೂರಿಸಿ, ಕಾಲ್ಬೆರಳುಗಳ ನಡುವೆ ಕಟ್ಟಿದ ಹಿಮದ ಗುಂಡುಗಳನ್ನು ಬಿಡಿಸಿ, ಬಟ್ಟಲಿನಲ್ಲಿ ನೀರಿಡಬೇಕು. ಹೆಚ್ಚು ಹೊತ್ತು ಕೂರುವಂತಿಲ್ಲ. ಈ ಕಮರಿಯಲ್ಲಿ ನಾಲ್ಕು ಗಂಟೆಯ ವೇಳೆಗೇ ನೆರಳು ಗೋಡೆಯನ್ನೇರತೊಡಗುತ್ತದೆ, ಕಾರಿನ ಬಳಿಗೆ ಇನ್ನೂ ಮೂರು ಮೈಲಿಯಿದೆ.